ಸವಣೂರಿನ ಮಳೆ, ಶ್ರೀರಂಗಪಟ್ಟಣದ ಗುಂಡು: ಮದ್ದುಗುಂಡಿನ ಬೆಳಕಿನಲ್ಲಿ ಟಿಪ್ಪುವಿನ ಬದುಕು

ಒಂದು ಅಳತೆ ಮದ್ದು, ಒಂದು ಸೀಸದ ಗುಂಡು, ಒಂದು ಚೂರು ಚಕಮಕಿ ಕಲ್ಲು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ನಾಡಿನ ರಾಜ್ಯಗಳ ಅಳಿವು ಉಳಿವು ಬಹುಮಟ್ಟಿಗೆ ಈ ಮೂರು ಅಲ್ಪ ವಸ್ತುಗಳನ್ನು ನೆಚ್ಚಿಕೊಂಡಿತ್ತು. ಇವುಗಳ ಬೆಲೆಯನ್ನು ಟಿಪ್ಪು ಸುಲ್ತಾನನಷ್ಟು ಚೆನ್ನಾಗಿ ಅರಿತಿದ್ದ ಅರಸರು ಆ ಕಾಲದ ಭಾರತದಲ್ಲಿ ವಿರಳ. ಮದ್ದಿನ ಮನೆಗಳನ್ನು ಕಟ್ಟಿಸಿ, ಕೋವಿ ಪಿಸ್ತೂಲುಗಳನ್ನು ತನ್ನ ನೆಲದಲ್ಲಿಯೇ ಮಾಡಿಸಿ, ಕಬ್ಬಿಣದ ಕೊಳವೆಯ ಬಾಣಗಳಿಂದ ಕಂಪನಿ ಸೈನ್ಯವನ್ನು ಬೆಚ್ಚಿಬೀಳಿಸಿದ ಆತ ಕೊನೆಗೆ ಪ್ರಾಣ ಬಿಟ್ಟಿದ್ದು ಹೆಸರಿಲ್ಲದ ಸಿಪಾಯಿಯೊಬ್ಬ ಹಾರಿಸಿದ ಒಂದು ಸೀಸದ ಗುಂಡಿಗೆ. ಈ ಕಥೆಯ ನಡುವಿನ ಒಂದು ಮುಖ್ಯ ಅಧ್ಯಾಯ ನಡೆದದ್ದು ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ.

ತಂದೆಯ ಸೋಲು ಕಲಿಸಿದ ಪಾಠ

ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಆಗಿನ್ನೂ ಮೈಸೂರು ಒಡೆಯರ ಸೈನ್ಯದಲ್ಲಿ ಮೇಲೇರುತ್ತಿದ್ದ ಸೇನಾನಿ. ಮುಂದೆ ರಾಜ್ಯದ ಸೂತ್ರ ಹಿಡಿದು, 1763ರಲ್ಲಿ ಬಿದನೂರನ್ನು ಗೆದ್ದ ಹೈದರನ ಕಣ್ಣು ಸಹಜವಾಗಿಯೇ ಉತ್ತರದ ಕಡೆಗೆ ಹೊರಳಿತು. ತುಂಗಭದ್ರೆ ದಾಟಿದರೆ ಹಿರೇಕೆರೂರು, ಹಾನಗಲ್ಲು, ಬಂಕಾಪುರ, ಸವಣೂರು. ಕೆರೆಗಳ, ಭತ್ತದ ಗದ್ದೆಗಳ, ಎರೆ ಹೊಲಗಳ ಈ ಸೀಮೆ ಒಂದೆಡೆ ಮರಾಠರಿಗೂ ಇನ್ನೊಂದೆಡೆ ಮೈಸೂರಿಗೂ ಬಾಗಿಲಿನಂತಿತ್ತು. ನಡುವೆ ಇದ್ದವರು ಸವಣೂರಿನ ನವಾಬರು. ಪಠಾಣ ಮನೆತನದ ಅವರದು ಸಣ್ಣ ಸಂಸ್ಥಾನ, ಅತ್ತ ದರಿ ಇತ್ತ ಪುಲಿ ಎಂಬಂತಹ ಸ್ಥಿತಿ.

ಹೈದರನ ಈ ಮುನ್ನಡೆಗೆ ಪೇಶ್ವೆ ಮಾಧವರಾಯ ತಡೆ ಹಾಕಿದ. 1764ರ ಮೇ ತಿಂಗಳಿನಲ್ಲಿ ರಟ್ಟೀಹಳ್ಳಿಯ ಬಯಲಿನಲ್ಲಿ ಎರಡೂ ಸೈನ್ಯಗಳು ಎದುರಾದವು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ರಟ್ಟೀಹಳ್ಳಿ ಬಹುಕಾಲ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ಊರು. ಅಲ್ಲಿ ಹೈದರ್ ಸೋತ. ಹಾನಗಲ್ಲಿನ ದಕ್ಷಿಣಕ್ಕಿರುವ ಆನವಟ್ಟಿಯ ಕಾಡಿನ ಕಡೆಗೆ ಹಿಮ್ಮೆಟ್ಟಿದ. ಆಗ ಟಿಪ್ಪು ಹದಿಹರೆಯದ ಹುಡುಗ. ಬಯಲಿನಲ್ಲಿ ಮರಾಠರ ಕುದುರೆ ಪಡೆಯನ್ನು ಕುದುರೆಯಿಂದಲೇ ಗೆಲ್ಲಲಾಗದು. ಕ್ರಮವಾಗಿ ನಿಂತು ಕ್ರಮವಾಗಿ ಗುಂಡು ಹಾರಿಸುವ ಕಾಲಾಳು, ಹಿಂದೆ ಸರಬರಾಜು ನಿಲ್ಲದ ಮದ್ದಿನ ಬಂಡಿ, ಇವೆರಡೂ ಬೇಕು. ಮುಂದಿನ ವರ್ಷಗಳಲ್ಲಿ ತಂದೆ ಮಗ ಇಬ್ಬರೂ ಕಟ್ಟಿದ ಸೈನ್ಯದ ಬುನಾದಿಯೇ ಈ ತಿಳಿವಳಿಕೆ.

ಮದ್ದು, ಗುಂಡು, ತೋಟೆ

ಆ ಕಾಲದ ಮದ್ದುಗುಂಡು ಎಂದರೇನು ಎಂಬುದನ್ನು ತಿಳಿಯದೆ ಟಿಪ್ಪುವಿನ ಯುದ್ಧಗಳನ್ನು ತಿಳಿಯಲಾಗದು. ಕೋವಿಯ ಮದ್ದಿನಲ್ಲಿ ಇದ್ದದ್ದು ಮೂರೇ ಪದಾರ್ಥ: ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕ. ಇದರಲ್ಲಿ ಪೆಟ್ಲುಪ್ಪಿನದೇ ಸಿಂಹಪಾಲು. ಸುಮಾರು ಮುಕ್ಕಾಲು ಭಾಗ. ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ಅದೇ. ಇದ್ದಿಲು ಇಂಧನ. ಗಂಧಕ ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ. ಈ ಮಿಶ್ರಣಕ್ಕೆ ದೊಡ್ಡ ಶತ್ರು ತೇವ. ತೇವ ತಾಗಿದ ಮದ್ದು ಹೊತ್ತಿಕೊಳ್ಳಲು ತಡವರಿಸುತ್ತದೆ, ಇಲ್ಲವೇ ಹೊತ್ತಿಕೊಳ್ಳುವುದೇ ಇಲ್ಲ.

ಹಳೆಯ ಜಾಮಗಿ ಕೋವಿಗಳಲ್ಲಿ ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ತಾಗಿಸಬೇಕಿತ್ತು. ಅದರ ಜಾಗಕ್ಕೆ ಬಂದದ್ದು ಚಕಮಕಿ ಕೋವಿ. ಕುದುರೆ ಎಳೆದಾಗ ಅದರ ಬಾಯಲ್ಲಿದ್ದ ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರುತ್ತಿತ್ತು. ಕಿಡಿ ಹೊರಗಿನ ಬಟ್ಟಲಿನ ಮದ್ದಿಗೆ ತಾಗಿ, ಅಲ್ಲಿಂದ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದಿಗೆ ಹಬ್ಬುತ್ತಿತ್ತು. ಸಿಪಾಯಿ ಮದ್ದನ್ನೂ ಗುಂಡನ್ನೂ ಬೇರೆ ಬೇರೆಯಾಗಿ ಹೊರುತ್ತಿರಲಿಲ್ಲ. ಒಂದು ಹೊಡೆತಕ್ಕೆ ಬೇಕಾದಷ್ಟು ಮದ್ದು, ಒಂದು ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿದ ತೋಟೆ ಆತನ ಚೀಲದಲ್ಲಿರುತ್ತಿತ್ತು. ಕಾಗದವನ್ನು ಹಲ್ಲಿನಿಂದ ಹರಿದು, ಬಟ್ಟಲಿಗೆ ಚಿಟಿಕೆ ಮದ್ದು ಸುರಿದು, ಉಳಿದದ್ದನ್ನು ಗುಂಡಿನ ಸಮೇತ ನಳಿಗೆಯ ಬಾಯಿಂದ ಜಡಿದು ಹಾರಿಸಬೇಕು. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಗುಂಡು ಹಾರಿಸಬಲ್ಲವನಾಗಿದ್ದ. ಕಂಪನಿ ಸೈನ್ಯದ ಕೋವಿಯ ಸೀಸದ ಗುಂಡು ಸುಮಾರು 17 ಮಿಲಿಮೀಟರ್ ಅಗಲ, 30 ಗ್ರಾಂ ತೂಕದ್ದು. ನಳಿಗೆಗಿಂತ ಗುಂಡು ತುಸು ಚಿಕ್ಕದು. ಬೇಗ ಜಡಿಯಲು ಅದು ಅನುಕೂಲ. ಆದರೆ ಇದೇ ಕಾರಣಕ್ಕೆ ಗುರಿ ಸಡಿಲ. ನೂರು ಗಜದ ಆಚೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತು. ಆದ್ದರಿಂದಲೇ ಸಾಲುಗಟ್ಟಿ ನಿಂತು ಒಟ್ಟಿಗೆ ಹಾರಿಸುವ ಪದ್ಧತಿ ಬೆಳೆಯಿತು.

ಪಿಸ್ತೂಲು ಇದೇ ಯಂತ್ರದ ಕಿರಿಯ ರೂಪ. ನಳಿಗೆ ಗಿಡ್ಡ, ಮದ್ದು ಕಡಿಮೆ, ಗುಂಡು ಹಗುರ. ಕುದುರೆ ಸವಾರನಿಗೆ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು. ಒಂದು ಸಲ ಹಾರಿಸಿದರೆ ಮತ್ತೆ ತುಂಬಲು ಸಮಯವಿಲ್ಲದ್ದರಿಂದ ಜೋಡಿ ಪಿಸ್ತೂಲು ಇಟ್ಟುಕೊಳ್ಳುವುದು ವಾಡಿಕೆ. ಟಿಪ್ಪುವಿನ ಕಾರ್ಖಾನೆಯಲ್ಲಿ ತಯಾರಾದ ಕೆಲವು ಜೋಡಿಗಳಲ್ಲಿ ಒಂದು ವೈಶಿಷ್ಟ್ಯವಿದೆ. ಒಂದು ಪಿಸ್ತೂಲಿನ ಚಕಮಕಿ ಯಂತ್ರ ಬಲಕ್ಕಿದ್ದರೆ ಇನ್ನೊಂದರದು ಎಡಕ್ಕೆ, ಕನ್ನಡಿಯ ಪ್ರತಿಬಿಂಬದಂತೆ. ಹುಲಿಯ ಮೋರೆ, ಹುಲಿಪಟ್ಟೆಗಳ ಅಲಂಕಾರ ಹೊತ್ತ ಈ ಆಯುಧಗಳು ಇಂದು ವಿದೇಶದ ಸಂಗ್ರಹಾಲಯಗಳಲ್ಲಿಯೂ ಹರಾಜು ಮನೆಗಳಲ್ಲಿಯೂ ಕಾಣಸಿಗುತ್ತವೆ.

ಇಂದಿನ ಪಿಸ್ತೂಲಿನ ತೋಟೆಯೊಂದಿಗೆ ಹೋಲಿಸಿದರೆ ಅಂತರ ಸ್ಪಷ್ಟವಾಗುತ್ತದೆ. ಈಗ ಕಾಗದದ ಬದಲು ಹಿತ್ತಾಳೆಯ ಕೋಶ, ಚಕಮಕಿಯ ಬದಲು ಕೋಶದ ತಳದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಕೊಡುವ ಪುಟ್ಟ ಟೊಪ್ಪಿಗೆ, ಕರಿಮದ್ದಿನ ಬದಲು ಹೊಗೆಯಿಲ್ಲದ ಮದ್ದು, ತುದಿಯಲ್ಲಿ ಗುಂಡು. ರಿವಾಲ್ವರಿನ ತೋಟೆಗೆ ಸಾಮಾನ್ಯವಾಗಿ ತಳದಲ್ಲಿ ಹೊರಚಾಚಿದ ಅಂಚಿರುತ್ತದೆ, ಪಿಸ್ತೂಲಿನ ತೋಟೆಗೆ ಅಂಚಿನ ಬದಲು ಸುತ್ತಲೂ ಗಾಡಿ. 1902ರಲ್ಲಿ ಬಳಕೆಗೆ ಬಂದು ಇಂದು ಎಲ್ಲೆಡೆ ಹರಡಿರುವ 9 ಮಿಲಿಮೀಟರಿನ ಗುಂಡು ಸುಮಾರು 8 ಗ್ರಾಂ ತೂಗುತ್ತದೆ. ಟಿಪ್ಪುವಿನ ಕಾಲದ ಕೋವಿಯ ಗುಂಡಿನ ಕಾಲು ಭಾಗ. ಬರಿಯ ಸೀಸದ ಗುಂಡು, ತಾಮ್ರದ ಹೊದಿಕೆಯ ಗುಂಡು, ತುದಿ ಟೊಳ್ಳಾಗಿದ್ದು ದೇಹದೊಳಗೆ ಅರಳಿಕೊಳ್ಳುವ ಗುಂಡು ಎಂಬ ಭೇದಗಳೂ ಬಂದಿವೆ. ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆಯಿಂದ ಹೆಸರು ಪಡೆದ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಹೇಗ್ ನಗರದಲ್ಲಿ ಘೋಷಣೆಯಾದದ್ದು 1899ರಲ್ಲಿ, ಟಿಪ್ಪು ಸತ್ತು ಸರಿಯಾಗಿ ನೂರು ವರ್ಷಕ್ಕೆ.

ಬಾಣಗಾರರ ಪಡೆ

ಕೋವಿ ಪಿಸ್ತೂಲುಗಳನ್ನು ಯೂರೋಪಿನವರಿಂದ ಕಲಿತ ಮೈಸೂರು, ಅವರಿಗೆ ಕಲಿಸಿದ ವಿದ್ಯೆ ಒಂದಿತ್ತು. ಅದು ಬಾಣ, ಅಂದರೆ ರಾಕೆಟ್ಟು. ಬಾಣಬಿರುಸು ಈ ನಾಡಿಗೆ ಹೊಸದಲ್ಲ. ಆದರೆ ಕಾಗದ ಬಿದಿರಿನ ಕೊಳವೆಯ ಬದಲು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದಾಗ ಹೆಚ್ಚಿನ ಒತ್ತಡ ತಾಳುವ, ಹೆಚ್ಚು ದೂರ ಚಿಮ್ಮುವ ಅಸ್ತ್ರ ಸಿದ್ಧವಾಯಿತು. ಉದ್ದನೆಯ ಬಿದಿರು ಗಳಕ್ಕೋ ಕತ್ತಿಯ ಅಲಗಿಗೋ ಬಿಗಿದು ಇದನ್ನು ಹಾರಿಸುತ್ತಿದ್ದರು. ಹೈದರನ ಕಾಲದಲ್ಲಿ ಸಾವಿರದಿನ್ನೂರರಷ್ಟಿದ್ದ ಬಾಣಗಾರರು ಟಿಪ್ಪುವಿನ ಕಾಲಕ್ಕೆ ಐದು ಸಾವಿರಕ್ಕೆ ಏರಿದರು. ಆತ ಬರೆಸಿದ ಫತ್ಹುಲ್ ಮುಜಾಹಿದೀನ್ ಎಂಬ ಸೈನಿಕ ಕೈಪಿಡಿಯಲ್ಲಿ ಪ್ರತಿ ದಳಕ್ಕೂ ಇಂತಿಷ್ಟು ಬಾಣಗಾರರಿರಬೇಕೆಂಬ ನಿಯಮವಿತ್ತು.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಹೋರಾಟದ ನಡುವೆ ಕಂಪನಿಯ ಮದ್ದಿನ ಬಂಡಿಗಳು ಸಿಡಿದವು. ಅಲ್ಲಿಗೆ ಬೇಲಿಯ ಆಟ ಮುಗಿಯಿತು. ಎದುರಾಳಿಯ ಸೈನಿಕರಿಗಿಂತ ಅವರ ಮದ್ದಿನ ಬಂಡಿಯೇ ಆಯಕಟ್ಟಿನ ಗುರಿ ಎಂಬುದು ಆ ದಿನ ಸಾಬೀತಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಈ ಯುದ್ಧದ ಚಿತ್ರವನ್ನು, ಅದರಲ್ಲಿ ಸಿಡಿಯುತ್ತಿರುವ ಬಂಡಿಯನ್ನು ಇಂದಿಗೂ ಕಾಣಬಹುದು.

ಮದ್ದು ಇದ್ದರೆ ಸಾಲದು, ಅದನ್ನು ಹೊತ್ತೊಯ್ಯಬೇಕು. ಆ ಹೊರೆ ಹೊತ್ತದ್ದು ಮೈಸೂರಿನ ಎತ್ತುಗಳು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಆ ತಳಿಯ ಎತ್ತುಗಳ ವೇಗವೇ ಮೈಸೂರು ತೋಪುಗಳ ವೇಗವಾಯಿತು.

ಸವಣೂರಿನ ಮುಂಗಾರು

ಸವಣೂರಿನೊಂದಿಗೆ ಮೈಸೂರಿಗೆ ಇದ್ದದ್ದು ಬರಿಯ ಗಡಿಯ ನಂಟಲ್ಲ. 1779ರಲ್ಲಿ ಹೈದರ್ ತನ್ನ ಮಗಳನ್ನು ನವಾಬ ಅಬ್ದುಲ್ ಹಕೀಮ್ ಖಾನನ ಮಗನಿಗೆ ಕೊಟ್ಟು, ನವಾಬನ ಮಗಳನ್ನು ತನ್ನ ಕಿರಿಯ ಮಗ ಕರೀಮನಿಗೆ ತಂದುಕೊಂಡಿದ್ದ. ಹೀಗೆ ಕೊಟ್ಟು ತಂದ ಬೀಗತನ ಅದು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಟಿಪ್ಪು, 1784ರ ಮಂಗಳೂರು ಒಪ್ಪಂದದಲ್ಲಿ ಕಂಪನಿಯೊಂದಿಗೆ ಸರಿಸಮನಾಗಿ ಸಂಧಿ ಮಾಡಿಕೊಂಡ. ಆ ಆತ್ಮವಿಶ್ವಾಸದಲ್ಲಿಯೇ ಉತ್ತರಕ್ಕೆ ತಿರುಗಿದ. 1785ರಲ್ಲಿ ನರಗುಂದ, ಕಿತ್ತೂರುಗಳು ಆತನ ವಶವಾದವು. ಶರಣಾದ ನರಗುಂದದ ದೊರೆಯನ್ನೂ ಮಂತ್ರಿಯನ್ನೂ ಸೆರೆಗೆ ಕಳಿಸಿದ್ದು ಮರಾಠರನ್ನು ಕೆರಳಿಸಿತು. ಮರಾಠರು, ನಿಜಾಮ ಒಂದಾದರು. 1786ರ ಮೇ ತಿಂಗಳಲ್ಲಿ ಬಾದಾಮಿ ಅವರ ಕೈಸೇರಿತು. ಸವಣೂರಿನ ನವಾಬನೂ ಬೀಗತನ ಮರೆತು ಅವರ ಪಕ್ಷ ಸೇರಿದ.

ಟಿಪ್ಪು ಅದೋನಿಯನ್ನು ಹಿಡಿದು ತುಂಗಭದ್ರೆಯ ದಡಕ್ಕೆ ಬಂದಾಗ ಮಳೆಗಾಲ. ನದಿ ತುಂಬಿ ಹರಿಯುತ್ತಿದ್ದಾಗ ಸೈನ್ಯ ದಾಟದು ಎಂಬುದು ಮರಾಠರ ಲೆಕ್ಕ. ಆದರೆ ಟಿಪ್ಪು ಹರಿಗೋಲುಗಳಲ್ಲಿ ಪಡೆಯನ್ನೂ ತೋಪುಗಳನ್ನೂ ದಾಟಿಸಿದ. ಈ ಸೀಮೆಯ ಎರೆ ಮಣ್ಣು ಮಳೆಯಲ್ಲಿ ಬಂಡಿಯ ಗಾಲಿಯನ್ನು ನುಂಗುವಂಥದ್ದು ಎಂಬುದು ಸವಣೂರು, ಶಿಗ್ಗಾಂವಿ ಕಡೆಯ ರೈತರಿಗೆಲ್ಲ ಗೊತ್ತು. ಅಂಥ ಕೆಸರಿನಲ್ಲಿ ತೋಪು ಎಳೆಯುತ್ತ, ತೇವ ತಾಗದಂತೆ ತೋಟೆ ಕಾಪಾಡುತ್ತ ಮಾಡಿದ ಯುದ್ಧ ಅದು. ಮಳೆಯಲ್ಲಿ ಚಕಮಕಿ ಕೋವಿಯ ಬಟ್ಟಲು ನೆನೆದರೆ ಕೋವಿ ಬರಿಯ ದೊಣ್ಣೆ. ಮದ್ದು ಯಾರ ಕೈಯಲ್ಲಿ ಒಣಗಿರುತ್ತದೆಯೋ ಗೆಲುವು ಅವರದು.

1786ರ ಅಕ್ಟೋಬರಿನಲ್ಲಿ ಟಿಪ್ಪು ಸವಣೂರಿನ ಬಳಿಯ ಮರಾಠರ ಪಾಳೆಯದ ಮೇಲೆ ರಾತ್ರಿಯ ದಾಳಿ ನಡೆಸಿದ. ಕಗ್ಗತ್ತಲಿನಲ್ಲಿ ಕೆಲವು ದಳಗಳು ದಾರಿ ತಪ್ಪಿದವು. ಬೆಳಗಾದ ಮೇಲೆ ಫಿರಂಗಿಗಳು ಕೆಲಸ ಮಾಡಿದವು. ಮರಾಠರು ಸವಣೂರನ್ನು ಬಿಟ್ಟು ಹಿಂದೆ ಸರಿದರು. ನವಾಬ ಅವರ ಜೊತೆಯೇ ಊರು ಬಿಟ್ಟ. ಟಿಪ್ಪು ಸವಣೂರನ್ನು ಹೊಕ್ಕ. ತನ್ನ ತಂಗಿಯನ್ನು ಕೊಟ್ಟ ಮನೆಯ ಅರಮನೆಯೇ ಸೂರೆಯಾಯಿತು.

ಯುದ್ಧ ನೀತಿಯ ಲೆಕ್ಕದಲ್ಲಿ ಇದು ಟಿಪ್ಪುವಿನ ದೊಡ್ಡ ಗೆಲುವುಗಳಲ್ಲಿ ಒಂದು. ತಂದೆ ರಟ್ಟೀಹಳ್ಳಿಯಲ್ಲಿ ಕಳೆದುಕೊಂಡದ್ದನ್ನು ಮಗ ಇಪ್ಪತ್ತೆರಡು ವರ್ಷಗಳ ಬಳಿಕ ಅದೇ ಸೀಮೆಯಲ್ಲಿ ಗಳಿಸಿದ. ಆದರೆ 1787ರ ಗಜೇಂದ್ರಗಡ ಒಪ್ಪಂದದಲ್ಲಿ ಬಾದಾಮಿ, ನರಗುಂದ, ಕಿತ್ತೂರುಗಳನ್ನು ಮರಾಠರಿಗೆ, ಅದೋನಿಯನ್ನು ನಿಜಾಮನಿಗೆ ಆತ ಬಿಟ್ಟುಕೊಡಬೇಕಾಯಿತು. ಮರಾಠರಿಗೆ ಬಾಕಿ ಪೊಗದಿಯನ್ನೂ ತೆರಬೇಕಾಯಿತು. ಕಂಪನಿಯ ವಿರುದ್ಧದ ಮುಂದಿನ ಯುದ್ಧಕ್ಕೆ ಬೆನ್ನ ಹಿಂದೆ ನೆಮ್ಮದಿ ಇರಲಿ ಎಂಬ ಆಸೆಗೆ ತೆತ್ತ ಬೆಲೆ ಅದು. ಆ ನೆಮ್ಮದಿ ದೊರೆಯಲಿಲ್ಲ. ಸವಣೂರಿನ ಗೆಲುವು ಎದುರಾಳಿಗಳ ಮನಸ್ಸಿನಲ್ಲಿ ಬಿತ್ತಿದ್ದು ಭಯವನ್ನು, ಸ್ನೇಹವನ್ನಲ್ಲ.

ಕೂಡಿಬಂದ ಹಗೆಗಳು

1790ರಲ್ಲಿ ಕಂಪನಿ, ಮರಾಠರು, ನಿಜಾಮ ಮೂವರೂ ಒಂದಾಗಿ ಟಿಪ್ಪುವಿನ ಮೇಲೆ ಬಿದ್ದರು. ಪರಶುರಾಮ ಭಾವೂ ಕಂಪನಿಯ ಸಣ್ಣ ತುಕಡಿಯೊಂದರ ಜೊತೆ ಧಾರವಾಡದ ಕೋಟೆಯನ್ನು ಮುತ್ತಿದ. ಕೋಟೆಯೊಳಗಿದ್ದ ಬದ್ರುಜ್ಜಮಾನ್ ಖಾನ್ 1791ರ ಏಪ್ರಿಲ್‌ವರೆಗೆ ತಿಂಗಳುಗಟ್ಟಲೆ ತಡೆದು ನಿಂತ. ಮುತ್ತಿಗೆ ಹಾಕಿದವರಿಗೇ ಮದ್ದಿನ ಕೊರತೆಯಾಗಿದ್ದು ಅಷ್ಟು ದಿನ ಎಳೆಯಲು ಒಂದು ಕಾರಣ. ಕೊನೆಗೆ ಧಾರವಾಡ ಬಿತ್ತು; ಅದರೊಂದಿಗೆ ಸವಣೂರು, ಬಂಕಾಪುರ, ಹಾನಗಲ್ಲಿನ ಸೀಮೆ ಮೈಸೂರಿನ ಕೈತಪ್ಪಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ. ಹಣ ತೀರುವವರೆಗೆ ಇಬ್ಬರು ಎಳೆಯ ಮಕ್ಕಳು ಕಾರ್ನ್‌ವಾಲಿಸನ ಒತ್ತೆಯಾಳುಗಳು.

ಟಿಪ್ಪುವಿನ ಬದುಕನ್ನು ಅಳೆಯುವವರು ಇಂದಿಗೂ ಎರಡು ಪಾಳೆಯಗಳಲ್ಲಿ ನಿಲ್ಲುತ್ತಾರೆ. ಕೊಡಗು, ಮಲಬಾರುಗಳಲ್ಲಿ ಆತನ ಸೈನ್ಯ ಜನರನ್ನು ನೆಲೆಯಿಂದ ಕಿತ್ತು ಒಯ್ದ ನೆನಪು ಮಾಸಿಲ್ಲ. ಮರಾಠರ ದಂಡು 1791ರಲ್ಲಿ ದೋಚಿದ ಶೃಂಗೇರಿ ಮಠಕ್ಕೆ ನೆರವು ಕೊಟ್ಟವನೂ ಆತನೇ. ಈ ಎರಡೂ ದಾಖಲಾದ ಸಂಗತಿಗಳು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಸೋತ ಮೇಲೂ ಟಿಪ್ಪುವಿನ ಮದ್ದಿನ ಮನೆಗಳು ನಿಲ್ಲಲಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ಅರ್ಧ ನೆಲದೊಳಗೆ ಹುದುಗಿಸಿ ಕಟ್ಟಿದ, ದಪ್ಪ ಗೋಡೆಯ ಮದ್ದಿನ ಕೋಣೆಗಳು ಬೇಸಿಗೆಯ ಬಿಸಿಯನ್ನೂ ಮಳೆಯ ತೇವವನ್ನೂ ದೂರವಿಡುತ್ತಿದ್ದವು. ಅಂಥ ಕೋಣೆಯೊಂದು ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕೆ ಅಡ್ಡ ಬಂದಾಗ, 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಲಾಯಿತು.

ಕೊನೆಯ ಗುಂಡು

1799ರ ಬೇಸಿಗೆಯಲ್ಲಿ ಕಂಪನಿ ಮತ್ತು ನಿಜಾಮನ ಪಡೆಗಳು ಶ್ರೀರಂಗಪಟ್ಟಣವನ್ನು ಮುತ್ತಿದವು. ಮೇ 2ರಂದು ಹೊರಗಿನಿಂದ ಬಂದ ಗುಂಡೊಂದು ಬಾಣಗಳನ್ನು ತುಂಬಿದ್ದ ಮದ್ದಿನ ಕೋಠಿಗೆ ತಾಗಿ ಭಾರೀ ಸ್ಫೋಟವಾಯಿತು. ಹತ್ತೊಂಬತ್ತು ವರ್ಷಗಳ ಹಿಂದೆ ಪೊಳ್ಳಿಲೂರಿನಲ್ಲಿ ಬೇಲಿಗೆ ಒದಗಿದ್ದ ಗತಿಯೇ ಈಗ ಟಿಪ್ಪುವಿಗೂ ಒದಗಿತು. ಮೇ 4ರ ಮಧ್ಯಾಹ್ನ, ಸುಲ್ತಾನ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಒಡೆದ ಗೋಡೆಯ ಮೂಲಕ ಕಂಪನಿ ಪಡೆ ನುಗ್ಗಿತು. ಟಿಪ್ಪು ಅಲ್ಲಿಗೆ ಧಾವಿಸಿದ. ಆಳುಗಳು ತುಂಬಿ ಕೊಡುತ್ತಿದ್ದ ಕೋವಿಗಳನ್ನು ಒಂದಾದ ಮೇಲೊಂದರಂತೆ ಪಡೆದು ಸಾಮಾನ್ಯ ಸಿಪಾಯಿಯಂತೆ ಹಾರಿಸಿದ. ಒಂದು ತೋಟೆ ಹಾರಿಸಿದ ಮೇಲೆ ಇನ್ನೊಂದಕ್ಕೆ ಕಾಯಬೇಕಾದ ಚಕಮಕಿ ಕೋವಿಯ ಕಾಲದಲ್ಲಿ ಅದೊಂದೇ ಉಪಾಯ.

ಗಾಯಗೊಂಡ ಟಿಪ್ಪುವನ್ನು ಪಲ್ಲಕ್ಕಿಯಲ್ಲಿ ಮಲಗಿಸಿದರು. ಆತನ ಕತ್ತಿಯ ಪಟ್ಟಿಯ ಮೇಲೆ ಕಣ್ಣು ಬಿದ್ದ ಸಿಪಾಯಿಯೊಬ್ಬ ಅದನ್ನು ಕೀಳಲು ಹೋದಾಗ, ಉಳಿದ ಬಲವನ್ನೆಲ್ಲ ಕೂಡಿಸಿ ಟಿಪ್ಪು ಕತ್ತಿ ಬೀಸಿದ. ಪೆಟ್ಟು ತಿಂದ ಸಿಪಾಯಿ ತಾನು ಕೊಂದದ್ದು ಯಾರನ್ನು ಎಂಬುದನ್ನೂ ಅರಿಯದೆ ಗುಂಡು ಹಾರಿಸಿದ. ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯ ನಡುವೆ ದೇಹವನ್ನು ಗುರುತಿಸಿದಾಗ ಮೈಮೇಲೆ ಮೂರು ಗಾಯ, ತಲೆಗೆ ಒಂದು. ಬಲಗಿವಿಯ ಮೇಲ್ಭಾಗದಲ್ಲಿ ಹೊಕ್ಕ ಗುಂಡು ಕೆನ್ನೆಯಲ್ಲಿ ನಿಂತಿತ್ತು. ಮೆತ್ತನೆಯ ಸೀಸದ ಗುಂಡಿನ ಸ್ವಭಾವವೇ ಅಂಥದ್ದು. ಎಲುಬಿಗೆ ತಾಗಿ ಚಪ್ಪಟೆಯಾಗಿ ಎಷ್ಟೋ ಸಲ ಮೈಯೊಳಗೇ ಉಳಿಯುತ್ತದೆ.

ಕೋಟೆಯನ್ನು ಹಿಡಿದವರು ಅಲ್ಲಿದ್ದುದನ್ನು ಎಣಿಸಿದಾಗ 929 ತೋಪುಗಳು, ನಾಲ್ಕು ಲಕ್ಷಕ್ಕೂ ಹೆಚ್ಚು ತೋಪಿನ ಗುಂಡುಗಳು, ಐದು ಲಕ್ಷ ಪೌಂಡಿಗೂ ಹೆಚ್ಚು ಮದ್ದು ಲೆಕ್ಕಕ್ಕೆ ಸಿಕ್ಕವು. ಮದ್ದು ತೀರಿ ಟಿಪ್ಪು ಸೋಲಲಿಲ್ಲ. ಬೀಗರು, ನೆರೆಯವರು, ಕೊನೆಗೆ ತನ್ನವರಲ್ಲಿಯೇ ಕೆಲವರು ದೂರವಾದ ಮೇಲೆ ಆ ಮದ್ದನ್ನು ಕಾಯುವವರು ಸಾಲದಾದರು.

ಶ್ರೀರಂಗಪಟ್ಟಣದಿಂದ ಇಂಗ್ಲೆಂಡಿಗೆ ಹೋದ ಬಾಣಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. 1807ರಲ್ಲಿ ಅವು ಕೋಪನ್‌ಹೇಗನ್ ನಗರವನ್ನು ಸುಟ್ಟವು. ಇತ್ತ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಪಾಳು ಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಹೊರಬಂದವು. ಯುದ್ಧಕ್ಕೆಂದು ಕೂಡಿಟ್ಟು, ಹಾರದೆ ಉಳಿದವು ಅವು. ಸವಣೂರಿನಿಂದ ಆ ಬಾವಿಗೆ ಬಹಳ ದೂರವಿಲ್ಲ. ಒಂದೆಡೆ ಮದ್ದು ತಂದುಕೊಟ್ಟ ಗೆಲುವು, ಇನ್ನೊಂದೆಡೆ ಮದ್ದಿದ್ದೂ ತಪ್ಪದ ಸೋಲು. ಆ ಎರಡರ ನಡುವೆ ಟಿಪ್ಪುವಿನ ಬದುಕು ಇದೆ.